ಪೊಲೀಸರ ಅನುಮತಿ ಕೇಳಬೇಕಿದ್ದ ಡೋಲು

ಬ್ರೆಜಿಲ್‌ನ ಸಂಗೀತಗಾರ ಕಾರ್ಲಿನ್ಯೋಸ್ ಬ್ರೌನ್ ಅವರ 'ಆಲ್ಫಾಗಾಮಾಬೆಟಿಝಾದು' ಆಲ್ಬಂ ಬಂದಿದ್ದು 1996ರಲ್ಲಿ. ಕೇಳಿ ನೋಡಿ, ಎಷ್ಟೋ ಕಡೆ ಡೋಲೇ ಮುಂದೆ ನಡೆಯುತ್ತದೆ, ರಾಗ ಅದರ ಬೆನ್ನು ಹತ್ತುತ್ತದೆ. ಡೋಲಿಗೆ ಈ ಜಾಗ ಸುಮ್ನೆ ಸಿಕ್ಕಿದ್ದಲ್ಲ. ಅದರ ಹಿಂದೆ ಒಂದು ಊರೇ ಇದೆ.

ಆ ಊರು ಸಾಲ್ವಡಾರ್, ಬಾಹಿಯಾ ರಾಜ್ಯದ ರಾಜಧಾನಿ. ಪೋರ್ಚುಗೀಸರ ಕಾಲದಲ್ಲಿ, 1763ರವರೆಗೆ, ಇಡೀ ಬ್ರೆಜಿಲ್‌ಗೇ ರಾಜಧಾನಿಯಾಗಿತ್ತು. ಆಫ್ರಿಕಾದಿಂದ ಲಕ್ಷಗಟ್ಟಲೆ ಜನರನ್ನು ಹಡಗಿನಲ್ಲಿ ತುಂಬಿ ತಂದು ಈ ಕರಾವಳಿಯಲ್ಲಿ ಗುಲಾಮರಾಗಿ ಮಾರಿದರು. ಆ ಜನ ತಮ್ಮ ದೇವರನ್ನೂ ಬಿಡಲಿಲ್ಲ, ದೇವರನ್ನು ಕರೆಯುವ ಡೋಲನ್ನೂ ಬಿಡಲಿಲ್ಲ. ಅವರ ಪೂಜೆಯ ಹೆಸರು ಕಂಡೊಂಬ್ಲೆ. ಅಲ್ಲಿ ಮೂರು ಡೋಲುಗಳಿರುತ್ತವೆ: ರುಮ್, ರುಂಪಿ, ಲೆ. ಚಿಕ್ಕವೆರಡು ತಾಳ ಕಾಯುತ್ತವೆ. ದೊಡ್ಡದಾದ ರುಮ್ ಮಾತ್ರ ಕುಣಿಯುವವರ ಹೆಜ್ಜೆಯ ಜೊತೆ ಮಾತಿಗಿಳಿಯುತ್ತದೆ.

1888ರಲ್ಲಿ ಗುಲಾಮಗಿರಿ ರದ್ದಾಯಿತು. ಡೋಲಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ. ಪೊಲೀಸರು ಪೂಜೆಯ ಮನೆಗಳಿಗೆ ನುಗ್ಗಿ ಡೋಲುಗಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಪೂಜೆ ನಡೆಸಲು ಪೊಲೀಸರ ಅನುಮತಿ ಬೇಕೆಂಬ ನಿಯಮ ಬಾಹಿಯಾದಲ್ಲಿ ಹೋಗಿದ್ದು 1976ರಲ್ಲಿ. ಇದು ಅಜ್ಜಂದಿರ ಕಾಲದ ಕತೆ ಅಲ್ಲ. 1962ರಲ್ಲಿ ಹುಟ್ಟಿದ ಬ್ರೌನ್ ಆಗ ಹದಿಹರೆಯದ ಹುಡುಗ.

ಅಷ್ಟರಲ್ಲಿ ಬೀದಿ ಎದ್ದಿತ್ತು. 1974ರಲ್ಲಿ ಹುಟ್ಟಿದ ಇಲೆ ಐಯೆ, ಕಪ್ಪು ಜನರದ್ದೇ ತಂಡವಾಗಿ ಮರುವರ್ಷ ಬೀದಿಹಬ್ಬವಾದ ಕಾರ್ನಿವಲ್‌ಗೆ ಇಳಿಯಿತು. ಪತ್ರಿಕೆಯವರು ಅವರನ್ನೇ ಜನಾಂಗದ್ವೇಷಿಗಳು ಅಂದರು! 1979ರಲ್ಲಿ ಪೆಲೊರಿನ್ಯೊ ಬಡಾವಣೆಯಲ್ಲಿ ಒಲೊಡುಮ್ ಎಂಬ ಡೋಲಿನ ತಂಡ ಶುರುವಾಯಿತು. ಪೆಲೊರಿನ್ಯೊ ಅಂದರೆ ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ. ಅದೇ ಹೆಸರಿನ ಕಲ್ಲುಹಾಸಿನ ಚೌಕದಲ್ಲಿ ಡೋಲುಗಳು ಮೊಳಗಿದವು.

ಒಲೊಡುಮ್‌ನ ಗುರುವಾಗಿದ್ದವರು ನೆಗಿನ್ಯೊ ದೊ ಸಾಂಬಾ. ಬ್ರೆಜಿಲ್‌ನ ಸಾಂಬಾ, ಜಮೈಕಾದ ರೆಗ್ಗೇ ಬೆರೆತ ಸಾಂಬಾ-ರೆಗ್ಗೇ ಎಂಬ ತಾಳದ ನಡೆ ರೂಪುಗೊಂಡಿದ್ದರಲ್ಲಿ ಅವರ ಕೈ ದೊಡ್ಡದು. ಸೊಂಟಕ್ಕೆ ನೇತುಹಾಕುವ ದೊಡ್ಡ ಡೋಲು ಸುರ್ದು. ಒಂದು ಸುರ್ದು ಕರೆಯುತ್ತದೆ, ಇನ್ನೊಂದು ಓಗೊಡುತ್ತದೆ. ಮೇಲೆ ಸಣ್ಣ ಡೋಲುಗಳು ತೆಳ್ಳನೆಯ ಕಡ್ಡಿಗಳಲ್ಲಿ ಚಿಟಪಟ ಅನ್ನುತ್ತವೆ. ಎದೆಗೆ ಬಡಿಯುವ ಸದ್ದು ಅದು. ಅಮೆರಿಕದ ಗಾಯಕ ಪಾಲ್ ಸೈಮನ್ ಅದೇ ಚೌಕಕ್ಕೆ ಬಂದು ರೆಕಾರ್ಡ್ ಮಾಡಿಕೊಂಡರು. 1990ರ ಅವರ ಆಲ್ಬಂ ಒಲೊಡುಮ್ ಡೋಲುಗಳಿಂದಲೇ ಶುರುವಾಗುತ್ತದೆ. 1993ರ ಹೊತ್ತಿಗೆ ನೆಗಿನ್ಯೊ ಹೆಂಗಸರದ್ದೇ ಒಂದು ತಂಡ ಕಟ್ಟಿದರು, ಹೆಸರು ದಿದಾ. ಡೋಲು ಗಂಡಸರ ಸೊತ್ತು ಅನ್ನುತ್ತಿದ್ದ ಊರಲ್ಲಿ ಅದೇನು ಸಣ್ಣ ಮಾತಲ್ಲ.

ಬ್ರೌನ್ ಬೆಳೆದಿದ್ದು ಸಾಲ್ವಡಾರ್‌ನ ಬಡವರ ಬಡಾವಣೆ ಕಾಂಡಿಯಲ್‌ನಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಟಿಂಬಲಾದಾ ಎಂಬ ತಂಡ ಕಟ್ಟಿದರು. ಅದರ ಜೀವ ಟಿಂಬಾವ್: ಉದ್ದನೆಯ, ಕೆಳಗೆ ಸಪೂರವಾಗುವ ಡೋಲು. ಕೋಲು ಬೇಡ, ಬರಿಗೈ ಸಾಕು. ಅಂಗೈ ಅಂಚಿಗೆ ತಾಗಿದರೆ ಚುರುಕಾದ ಸದ್ದು, ನಡುವೆ ಬಿದ್ದರೆ ಗುಂ ಅನ್ನುವ ದನಿ. ಮೈಗೆ ಬಿಳಿ ಚಿತ್ತಾರ ಬರೆದುಕೊಂಡು ಅವರು ಬೀದಿ ತುಂಬ ನುಡಿಸಿದರು.

ಆ ಬೀದಿಯೇ ಸ್ಟುಡಿಯೋಗೆ ಬಂದಾಗ 1996ರ ಆಲ್ಬಂ ಆಯಿತು. ಆಲ್ಬಂಗೆ ಎರಡು ವರ್ಷ ಮೊದಲು, 1994ರಲ್ಲಿ, ಬ್ರೌನ್ ಕಾಂಡಿಯಲ್‌ನಲ್ಲೇ ಪ್ರಾಕಾಟುಂ ಎಂಬ ಸಂಸ್ಥೆ ಶುರುಮಾಡಿದ್ದರು. ಕೇರಿಯ ಮಕ್ಕಳು ಅಲ್ಲಿ ಸಂಗೀತ ಕಲಿಯುತ್ತಾರೆ. ಹೆಸರನ್ನೇ ಜೋರಾಗಿ ಹೇಳಿ ನೋಡಿ, ಡೋಲಿನ ಸದ್ದು, ಅಲ್ವಾ? ಇನ್ನು ಆಲ್ಬಂ ಹೆಸರು. ಪೋರ್ಚುಗೀಸಿನಲ್ಲಿ 'ಅಲ್ಫಾಬೆಟಿಝಾದು' ಅಂದರೆ ಅಕ್ಷರ ಕಲಿತವನು. ಆ ಪದದ ನಡುವೆ ಬ್ರೌನ್ ಗ್ರೀಕ್ ಅಕ್ಷರ 'ಗಾಮಾ' ಒಂದನ್ನು ಸೇರಿಸಿದ್ದಾರೆ.