ಸುಟ್ಟರೂ ಉರಿಯದ ಬೆರಳು: ನರವನ್ನು ಸಾಕುವ ಕೋಶದ ಕಥೆ

ಸಿಂಧನೂರು ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ ದೊಡ್ಡವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿಗೆ ಹಾಕಿದ ರೊಟ್ಟಿಗೆ ನೀರು ಸವರುವಾಗ ಅವಳ ಕಿರುಬೆರಳು ಹಂಚಿನ ಅಂಚಿಗೆ ತಾಗಿಕೊಂಡೇ ಇತ್ತು. ಕೈ ಹಿಂದೆ ಸರಿಯಲಿಲ್ಲ. ಬೊಬ್ಬೆ ಎದ್ದಿದೆ ಎಂದು ನಾನು ಹೇಳಿದ ಮೇಲೆಯೇ ಅವಳು ಬೆರಳು ನೋಡಿಕೊಂಡದ್ದು. "ಇದಕ್ಕೆ ಜೋಮು ಹಿಡಿದು ವರ್ಷದ ಮೇಲಾಯಿತು, ಗದ್ದೆಯ ನೀರಿನಲ್ಲಿ ನಿಂತು ನಿಂತು ಹೀಗಾಗಿದೆ" ಎಂದಳು.

ಮರುವಾರ ಆಶಾ ಕಾರ್ಯಕರ್ತೆಯ ಜೊತೆ ಆರೋಗ್ಯ ಸಹಾಯಕಿ ಬಂದರು. "ಅವ್ವಾ, ಕಣ್ಣು ಮುಚ್ಚಿರಿ. ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿರಿ" ಎನ್ನುತ್ತ ಬಾಲ್‌ಪೆನ್ನಿನ ತುದಿಯನ್ನು ಅಂಗೈಗೆ ಒಂದೊಂದೇ ಕಡೆ ತಾಗಿಸಿದರು. ಹೆಬ್ಬೆರಳ ಬದಿಯಲ್ಲಿ ದೊಡ್ಡವ್ವ ಸರಿಯಾಗಿ ತೋರಿಸಿದಳು. ಕಿರುಬೆರಳ ಬದಿಗೆ ಬಂದಾಗ ಸುಮ್ಮನೆ ಕಾಯುತ್ತ ಕುಳಿತಳು. ಪೆನ್ನು ಆಗಲೇ ಮುಟ್ಟಿತ್ತು. ಸಹಾಯಕಿ ಮೊಣಕೈ ಮಡಚಿಸಿ ಮೂಳೆಯ ಒಳಬದಿಯ ಸಂದಿನಲ್ಲಿ ಬೆರಳಾಡಿಸಿದರು. ನರ ಹುರಿಯಂತೆ ದಪ್ಪಗಾಗಿತ್ತು. ಬೆನ್ನ ಮೇಲೆ ಏಳು ಮಾಸಲು ಮಚ್ಚೆಗಳು. ಅದು ಕುಷ್ಠ.

ನಮ್ಮ ಕಡೆ ಇದನ್ನು ಚರ್ಮದ ರೋಗವೆಂದೇ ತಿಳಿದವರು ಹೆಚ್ಚು. ತೊನ್ನಿನ ಜೊತೆ ಗಂಟು ಹಾಕುವವರೂ ಇದ್ದಾರೆ. ಆದರೆ ಕೈಕಾಲನ್ನು ಕೆಡಿಸುವುದು ನರಕ್ಕೆ ಬೀಳುವ ಪೆಟ್ಟು. ಅಲ್ಲಿ ರೋಗಾಣು ಮನೆ ಮಾಡುವುದು ಮುಖ್ಯವಾಗಿ ನರತಂತುವನ್ನು ಸುತ್ತಿ ಸಾಕುವ ಷ್ವಾನ್ ಕೋಶದಲ್ಲಿ.

ಜರ್ಮನಿಯ ಥಿಯೋಡೋರ್ ಷ್ವಾನ್ 1839ರಲ್ಲಿ ಈ ಕೋಶಗಳನ್ನು ವಿವರಿಸಿದರು. 1856ರಲ್ಲಿ ಅದೇ ದೇಶದ ವೈದ್ಯ ರುಡಾಲ್ಫ್ ವಿರ್ಕೋ, ಮಿದುಳಿನ ನರಕೋಶಗಳ ನಡುವಿನ ಅಂಗಾಂಶಕ್ಕೆ ನ್ಯೂರೋಗ್ಲಿಯಾ ಎಂದು ಹೆಸರಿಟ್ಟರು. ಗ್ಲಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ಷ್ವಾನ್ ಕೋಶವನ್ನೂ ಇಂದು ಗ್ಲಿಯಾ ಗುಂಪಿಗೇ ಸೇರಿಸುತ್ತಾರೆ. ಆ ಹೆಸರೇ ಮುಂದೆ ಅಡ್ಡಗಾಲಾಯಿತು ಎಂದು ನನಗನ್ನಿಸುತ್ತದೆ. ಅಂಟು ಎಂದ ಮೇಲೆ ಅದಕ್ಕೆ ಬೇರೆ ಕೆಲಸವೂ ಇದೆಯೇ ಎಂದು ಎಷ್ಟು ಜನ ಹುಡುಕಿಯಾರು? ಇದೇ ವಿರ್ಕೋ 1859ರಲ್ಲಿ ಕುಷ್ಠವನ್ನು ಅಭ್ಯಸಿಸಲು ನಾರ್ವೆಗೆ ಹೋಗಿದ್ದರು. ಆ ದೇಶದ ಬರ್ಗೆನ್‌ನಲ್ಲಿ 1873ರಲ್ಲಿ ವೈದ್ಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಕಂಡರು. ಅದೇ ವರ್ಷ ಇಟಲಿಯ ಗಾಲ್ಜಿ, ಬೆಳ್ಳಿಯ ಲವಣದಿಂದ ನರಕೋಶಕ್ಕೆ ಕಪ್ಪು ಬಣ್ಣ ಹಿಡಿಸುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ನರಕೋಶದ ಮೇಲೆಯೇ ನೆಟ್ಟಿತು.

ಷ್ವಾನ್ ಕೋಶದ ಕೆಲಸ ಸಣ್ಣದಲ್ಲ. ದಪ್ಪ ತಂತುವಿಗೆ ಅದು ಮಯಲಿನ್ ಹೊದಿಕೆ ಸುತ್ತಿ ಸಂದೇಶದ ವೇಗ ಹೆಚ್ಚಿಸುತ್ತದೆ. ನೋವು, ಬಿಸಿ ತಿಳಿಸುವ ತೆಳು ತಂತುಗಳನ್ನು ಹಲವನ್ನು ಒಟ್ಟಿಗೆ ಮಡಿಲಲ್ಲಿ ಇಟ್ಟುಕೊಳ್ಳುತ್ತದೆ, ಅವುಗಳಿಗೆ ಪೋಷಣೆ ಕೊಡುತ್ತದೆ. ಕುಷ್ಠದ ರೋಗಾಣುವಿಗೆ ತಂಪಾದ ಜಾಗ ಇಷ್ಟ; ಚರ್ಮಕ್ಕೆ ಹತ್ತಿರವಿರುವ ಮೊಣಕೈ, ಮಣಿಕಟ್ಟು, ಕಣಕಾಲಿನ ನರಗಳು ಮೊದಲು ಕೆಡುವುದು ಇದರಿಂದಲೇ. ಅದು ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷ.

ರೋಗಾಣು ಷ್ವಾನ್ ಕೋಶದ ಹೊರಪದರದ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಹಿಡಿದು ಒಳನುಗ್ಗುತ್ತದೆ ಎಂಬುದು 1997ರಲ್ಲಿ ತಿಳಿಯಿತು. ಇಲಿಗಳ ಕೋಶಗಳ ಮೇಲೆ ನಡೆದ 2013ರ ಅಧ್ಯಯನವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು: ಸೋಂಕು ತಗುಲಿದ ಷ್ವಾನ್ ಕೋಶ ತನ್ನ ಕಸುಬನ್ನೇ ಮರೆತು, ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಕಾಂಡಕೋಶದಂತಾಗಿ, ರೋಗಾಣುವನ್ನು ಬೇರೆಡೆಗೆ ಹೊತ್ತೊಯ್ಯಬಲ್ಲದು. 2017ರಲ್ಲಿ ಜೀಬ್ರಾ ಮೀನಿನ ಮೇಲೆ ನಡೆದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ರೋಗಾಣು ನುಂಗಿದ ರಕ್ಷಣಾ ಕೋಶಗಳೇ ನೈಟ್ರಿಕ್ ಆಕ್ಸೈಡ್ ಉಗುಳಿ ನರಕ್ಕೆ ಹಾನಿ ಮಾಡುತ್ತಿದ್ದವು.

ಮಿದುಳಿನ ಸಂಶೋಧನೆಯೂ ಇದೇ ದಾರಿ ಹಿಡಿದಿದೆ. ಸ್ಪೇನಿನ ರಿಯೋ ಒರ್ಟೆಗಾ 1919ರಲ್ಲಿ ಗುರುತಿಸಿದ ಮೈಕ್ರೋಗ್ಲಿಯಾ ಎಂಬ ಮಿದುಳಿನ ರಕ್ಷಣಾ ಕೋಶಗಳಿಗೂ ಮರೆವು ತರುವ ಆಲ್ಝೈಮರ್ ರೋಗಕ್ಕೂ ನಂಟಿದೆ ಎಂಬುದಕ್ಕೆ 2012ರಲ್ಲಿ ಜೀನ್ ಮಟ್ಟದ ಪುರಾವೆ ಸಿಕ್ಕಿತು.

ಕುಷ್ಠಕ್ಕೆ ಔಷಧವಂತೂ 1981ರಿಂದಲೇ ಇದೆ: ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಬಹುಔಷಧ ಚಿಕಿತ್ಸೆ. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಮಚ್ಚೆ ಐದರೊಳಗಿದ್ದರೆ ಸಾಮಾನ್ಯವಾಗಿ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಎಬ್ಬಿಸುವುದಿಲ್ಲ. ಜೋಮು ಹಿಡಿದು 6 ತಿಂಗಳಾಗುವುದರೊಳಗೆ ನರದ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಚಿಕಿತ್ಸೆ ಶುರುವಾದರೆ ಸ್ಪರ್ಶ ಮರಳುವ ಸಾಧ್ಯತೆ ಹೆಚ್ಚು. ದೊಡ್ಡವ್ವನಿಗೆ ಆ ಅವಧಿ ಮೀರಿತ್ತು. ಅವಳೀಗ ಇಕ್ಕಳ ಹಿಡಿದು ರೊಟ್ಟಿ ತಿರುವುತ್ತಾಳೆ.

ಆರೋಗ್ಯ ಸಹಾಯಕಿ ಅಂದು ಮನೆಯವರೆಲ್ಲರ ಮೊಣಕೈಯನ್ನೂ ಮುಟ್ಟಿ ನೋಡಿದ್ದರು. ದೊಡ್ಡವ್ವನ ಮಗನ ಎಡಗೈ ಕಿರುಬೆರಳಿಗೆ ಎರಡು ತಿಂಗಳಿಂದ ಜೋಮು, ಯಾರಿಗೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅಣ್ಣನನ್ನು ಸಿಂಧನೂರಿನ ಬಸ್ಸು ಹತ್ತಿಸಿದೆ. ಅವನ ಬೆರಳಿಗೆ ಈಗ ಚಹಾದ ಲೋಟದ ಬಿಸಿ ತಿಳಿಯುತ್ತದೆ.