ಹದಿನೈದು ಸೆಕೆಂಡು ಉಜ್ಜುವ ಕೆಲಸ

ಐಸಿಯುವಿನಲ್ಲಿ ಮಲಗಿದ್ದವರನ್ನು ನೋಡಿಬಂದವರಿಗೆ ನೆನಪಿರಬಹುದು: ಕತ್ತಿನ ಪಕ್ಕದಲ್ಲೊಂದು ಪಾರದರ್ಶಕ ಪಟ್ಟಿ, ಅದರಡಿಯಿಂದ ಹೊರಬಂದ ಮೂರು ಬಾಲಗಳು, ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ತುದಿ. ಸಿಸ್ಟರ್‌ಗಳ ಬಾಯಲ್ಲಿ ಅದು ‘ಸೆಂಟ್ರಲ್ ಲೈನ್’. ನಮಗೆ ಕಾಣುವುದು ಬಾಲವಷ್ಟೇ. ಚರ್ಮದೊಳಗೆ ಸುಮಾರು 15 ಸೆಂ.ಮೀ. ಉದ್ದದ ಮೆತ್ತನೆಯ ನಳಿಕೆ, ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳದಲ್ಲಿ, ಅಂದರೆ ಅಭಿಧಮನಿಯಲ್ಲಿ ಇಳಿದು ಹೃದಯದ ಹೊಸ್ತಿಲವರೆಗೆ ಹೋಗಿರುತ್ತದೆ.

ಅಷ್ಟು ಒಳಗೆ ಯಾಕೆ? ಬಿಪಿ ಕುಸಿದವರಿಗೆ ಕೊಡುವ ನಾರ್‌ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಸುವ ಔಷಧ. ಮುಂಗೈಯ ಸಣ್ಣ ‘ನರ’ದಿಂದ (‘ನರ ಸಿಗ್ತಿಲ್ಲ’ ಎನ್ನುವಾಗ ನಾವು ಹೇಳುವುದು ಅಭಿಧಮನಿಯನ್ನೇ) ಅದು ಹೊರಗೆ ಸೋರಿದರೆ ಸುತ್ತಲ ಮಾಂಸ ಕಪ್ಪಾಗಿ ಸಾಯಬಹುದು. ಹೃದಯದ ಬಳಿ ರಕ್ತದ ಹರಿವು ಜೋರು. ಔಷಧ ಬಿದ್ದ ಕ್ಷಣವೇ ಬೆರೆತು ತೆಳುವಾಗುತ್ತದೆ.

ಔಷಧಕ್ಕೆ ತೆರೆದ ದಾರಿ ರೋಗಾಣುವಿಗೂ ತೆರೆದದ್ದೇ. ನಮ್ಮ ಚರ್ಮದ ಮೇಲೆ ಸುಮ್ಮನೆ ಬದುಕಿಕೊಂಡಿರುವ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಎರಡು ಹಾದಿ: ಚುಚ್ಚಿದ ತೂತಿನಲ್ಲಿ ನಳಿಕೆಯ ಹೊರಮೈ ಹಿಡಿದು ಇಳಿಯುವುದು, ಇಲ್ಲವೇ ಸಿರಿಂಜ್ ಕೂರಿಸುವ ಬಾಯಿ, ಅಂದರೆ ‘ಹಬ್’ ಮೂಲಕ ಒಳಮೈಗೆ ಹೋಗುವುದು. ಪ್ಲಾಸ್ಟಿಕ್ಕಿಗೆ ಅಂಟಿಕೊಂಡರೆ ಹಲ್ಲಿನ ಪಾಚಿಯಂಥದೇ ಲೋಳೆ ಕಟ್ಟಿಕೊಳ್ಳುತ್ತದೆ. ಆ ಲೋಳೆಯೊಳಗಿನ ರೋಗಾಣುವನ್ನು ಆಂಟಿಬಯಾಟಿಕ್ ಸುಲಭವಾಗಿ ಕೊಲ್ಲಲಾರದು.

ಇದನ್ನು ತಡೆಯಲು ದುಬಾರಿ ಯಂತ್ರವೇನೂ ಬೇಕಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ವೈದ್ಯ ಪೀಟರ್ ಪ್ರೊನೊವೊಸ್ಟ್ ಅವರ ತಂಡ ಕೈತೊಳೆಯುವುದು, ಚರ್ಮಕ್ಕೆ ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ಬೇಡವಾದ ಲೈನ್ ತೆಗೆಯುವುದು ಮುಂತಾದ ಐದು ಸಾದಾ ಅಭ್ಯಾಸಗಳನ್ನು ಪಟ್ಟುಹಿಡಿದು ಮಾಡಿಸಿತು. ತುರ್ತು ಇಲ್ಲದಾಗ ವೈದ್ಯರು ಒಂದು ಹೆಜ್ಜೆ ಬಿಟ್ಟರೂ ಅಲ್ಲಿಗೇ ತಡೆಯುವ ಏರ್ಪಾಡಿತ್ತು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 1000 ಕ್ಯಾಥೆಟರ್ ದಿನಗಳಿಗೆ (ಒಬ್ಬ ರೋಗಿಗೆ ಲೈನ್ ಒಂದು ದಿನ ಇದ್ದರೆ ಅದು ಒಂದು ಕ್ಯಾಥೆಟರ್ ದಿನ) ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿದಿತ್ತು.

ಲೈನ್ ಹಾಕುವುದು ಒಂದು ಸಲದ ಕೆಲಸ. ಕಾಯುವುದು ದಿನವಿಡೀ. ಪ್ರತಿ ಔಷಧಕ್ಕೂ ಮುನ್ನ ನರ್ಸ್ ಹಬ್‌ನ ಬಾಯನ್ನು ಸ್ಪಿರಿಟ್‌ನಲ್ಲಿ ನೆನೆಸಿದ ಒರೆಸುಬಟ್ಟೆಯಿಂದ ಹಿಡಿದು ಕಿತ್ತಳೆ ಹಿಂಡುವ ಹಾಗೆ ತಿರುಗಿಸುತ್ತಾ ಉಜ್ಜಬೇಕು. ಬಹಳ ಕಡೆ ಕಲಿಸುವುದು 15 ಸೆಕೆಂಡು. ಆಮೇಲೆ ಒಣಗಲು ಬಿಡಬೇಕು, ಊದಿ ಒಣಗಿಸುವಂತಿಲ್ಲ. ದಿನಕ್ಕೆ ಮೂವತ್ತು ಸಲ ಎಂದಿಟ್ಟುಕೊಳ್ಳಿ: ಏಳೂವರೆ ನಿಮಿಷ. ಒಬ್ಬರ ಪಾಲಿಗೆ ನಾಲ್ಕು ರೋಗಿಗಳಾದರೆ ಅರ್ಧ ಗಂಟೆ, ಬರೀ ಉಜ್ಜುವುದಕ್ಕೆ.

ಕೋವಿಡ್ ಕಿತ್ತುಕೊಂಡದ್ದು ಈ ಅರ್ಧ ಗಂಟೆಯನ್ನು.

ಉಸಿರಾಟ ಸುಧಾರಿಸಲೆಂದು ರೋಗಿಯನ್ನು ದಿನಕ್ಕೆ ಹದಿನಾರು ಗಂಟೆಯಷ್ಟು ಬೋರಲು ಮಲಗಿಸುತ್ತಿದ್ದರು. ಐದಾರು ಜನ ಸೇರಿ ಮಗುಚಬೇಕು, ಒಬ್ಬರ ಕಣ್ಣು ಕೊಳವೆಗಳ ಮೇಲೇ ಇರಬೇಕು. ಕತ್ತಿನ ಲೈನ್ ಆಗ ದಿಂಬಿನತ್ತ. ಜೊಲ್ಲು, ಬೆವರು ಇಳಿದು ಪಟ್ಟಿಯ ಅಂಚು ಏಳುತ್ತದೆ. ಪಾರದರ್ಶಕ ಡ್ರೆಸ್ಸಿಂಗ್ ಏಳು ದಿನ ಇರಬಹುದು, ಗಾಜ್ ಬಟ್ಟೆಯದು ಎರಡು ದಿನ. ಆದರೆ ಒದ್ದೆಯಾದರೆ, ಸಡಿಲವಾದರೆ ಕೂಡಲೇ ಬದಲಿಸಬೇಕು. ಬೋರಲು ಮಲಗಿದವರ ಕತ್ತಿನಡಿ ಅದನ್ನು ನೋಡುವುದೇ ಕಷ್ಟ. ಕೆಂಪಾಗಿದೆಯೇ ಎಂದು ತೆಗೆಯದೆಯೇ ಕಾಣಲಿ ಅಂತಲೇ ಪಟ್ಟಿಯನ್ನು ಪಾರದರ್ಶಕ ಮಾಡಿದ್ದು. ನೋಡಬೇಕಾದವರ ಕನ್ನಡಕಕ್ಕೇ ಮಂಜು ಕಟ್ಟಿತ್ತು.

ಕೈಗವಸಿನದು ಇನ್ನೊಂದು ಪೇಚು. ಪಿಪಿಇ ಕಿಟ್ಟಿನೊಳಗೆ ಎರಡೆರಡು ಜೊತೆ. ಅದು ತೊಟ್ಟವರ ಮಡಿ ಕಾಯುತ್ತದೆ, ರೋಗಿಯದ್ದಲ್ಲ. ಮಂಚದ ಸರಳು ಮುಟ್ಟಿದ ಅದೇ ಗವಸು ಹಬ್ ಮುಟ್ಟಿದರೆ ಬರಿಗೈಗಿಂತ ಮೇಲೇನಲ್ಲ. ಅಮೆರಿಕದ ಕೆಲವು ಆಸ್ಪತ್ರೆಗಳು ಕೋಣೆಯೊಳಗೆ ಹೋಗುವುದು ತಪ್ಪಲೆಂದು ಔಷಧ ಹರಿಸುವ ಪಂಪುಗಳನ್ನೇ ಬಾಗಿಲಾಚೆ ಇಟ್ಟು, ಉದ್ದುದ್ದ ಟ್ಯೂಬ್ ಎಳೆದವು. ಜಾಣ ಉಪಾಯ, ಆದರೆ ಒಳಗೆ ಹೋದಾಗೆಲ್ಲ ಪಟ್ಟಿಯ ಮೇಲೆ ಬೀಳುತ್ತಿದ್ದ ಕಣ್ಣು ಬೀಳದೇ ಹೋಯಿತು. 2020ರ ಕೊನೆಯ ಮೂರು ತಿಂಗಳಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಸೆಂಟ್ರಲ್ ಲೈನ್ ಸೋಂಕಿನ ಪ್ರಮಾಣ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 47ರಷ್ಟು ಏರಿತ್ತು. ಅದೇ ವರ್ಷ ದೆಹಲಿಯ ಒಂದು ಐಸಿಯುವಿನಲ್ಲಿ 15 ಕೋವಿಡ್ ರೋಗಿಗಳ ರಕ್ತಕ್ಕೆ ಕ್ಯಾಂಡಿಡಾ ಶಿಲೀಂಧ್ರ ಸೇರಿತ್ತು. ಅವರಲ್ಲಿ ಮೂರನೇ ಎರಡು ಪಾಲು ಜನರಲ್ಲಿ ಇದ್ದದ್ದು, ಮಂಚ–ಮೇಜುಗಳ ಮೇಲೆ ದಿನಗಟ್ಟಲೆ ಬದುಕಬಲ್ಲ, ಔಷಧಕ್ಕೆ ಬಗ್ಗದ ಕ್ಯಾಂಡಿಡಾ ಆರಿಸ್. ಇದನ್ನೆಲ್ಲ ನರ್ಸ್‌ಗಳ ಅಸಡ್ಡೆ ಎನ್ನಲು ನನಗೆ ಮನಸ್ಸಿಲ್ಲ. ಆರು ಗಂಟೆ ನೀರು ಕುಡಿಯದೆ, ಬಚ್ಚಲಿಗೆ ಹೋಗದೆ ದುಡಿದವರು ಅವರು.

ಜ್ವರವಾದರೂ ಎಚ್ಚರಿಸಬೇಕಿತ್ತಲ್ಲ? ಕೋವಿಡ್‌ಗೆ ಕೊಟ್ಟ ಉರಿಯೂತ ತಗ್ಗಿಸುವ ಔಷಧಗಳಾದ ಡೆಕ್ಸಾಮೆಥಸೋನ್, ಟೊಸಿಲಿಜುಮ್ಯಾಬ್ ಎರಡೂ ಜ್ವರವನ್ನೇ ಅಡಗಿಸಬಲ್ಲವು. ಹಾಗಾಗಿ ಬೆಳಗಿನ ರೌಂಡ್ಸ್‌ನಲ್ಲಿ ‘ಇವರಿಗೆ ಈ ಲೈನ್ ಇವತ್ತೂ ಬೇಕಾ ಡಾಕ್ಟ್ರೇ?’ ಎಂದು ಕೇಳುವ ಸಿಸ್ಟರ್ ಬಲು ದೊಡ್ಡ ಚಿಕಿತ್ಸೆಯನ್ನೇ ಮಾಡುತ್ತಿರುತ್ತಾರೆ.

ಬೇಡವೆಂದಾದರೆ ಮಂಚದ ತಲೆಭಾಗ ತಗ್ಗಿಸುತ್ತಾರೆ. ಉಸಿರೆಳೆದುಕೊಳ್ಳುವಾಗ ಎದೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗಿ, ತೂತಿನಿಂದ ಗಾಳಿ ನುಗ್ಗಬಹುದು. ‘ಉಸಿರು ಬಿಗಿ ಹಿಡೀರಿ ಯಜಮಾನ್ರೇ, ಹಾಂ, ಹಾಗೇ.’ ನಳಿಕೆ ಜಾರಿ ಹೊರಬರುತ್ತದೆ, ಗಾಜ್ ಒತ್ತಿ ಹಿಡಿಯುತ್ತಾರೆ. ಇನ್ನೊಂದು ಕೈಯಲ್ಲಿ ಅದನ್ನು ಬೆಳಕಿಗೆ ಹಿಡಿದು, ತುದಿ ಮುರಿಯದೆ ಪೂರ್ತಿ ಬಂದಿದೆಯೇ ಎಂದು ನೋಡುತ್ತಾರೆ.