ಮಣ್ಣಿಗೆ ಟೈರ್ ಚೂರು ಬೆರೆಸಿದರೆ ರಸ್ತೆ ಕುಸಿಯಲ್ವಾ?

ಪ್ರಶ್ನೆ: ಹಳೇ ಟೈರ್‌ಗಳನ್ನು ಚೂರು ಮಾಡಿ, ಮಣ್ಣಿಗೆ ಬೆರೆಸಿ, ರಸ್ತೆಯ ಏರಿಗೂ ತಡೆಗೋಡೆಯ ಹಿಂದಕ್ಕೂ ತುಂಬುತ್ತಾರಂತೆ. ರಬ್ಬರ್ ಮೆತ್ತಗಿರುತ್ತದೆ ಅಲ್ವಾ? ಮೇಲೆ ಲಾರಿ ಓಡಾಡಿದರೆ ರಸ್ತೆ ಕುಸಿಯಲ್ವಾ?

ಉತ್ತರ: ಸ್ವಲ್ಪ ತಗ್ಗುತ್ತದೆ, ನಿಜ. ಎಷ್ಟು ತಗ್ಗಬಹುದೆಂದು ಮೊದಲೇ ಲೆಕ್ಕ ಹಾಕಿ, ಅಷ್ಟು ಎತ್ತರ ಜಾಸ್ತಿ ತುಂಬಿರುತ್ತಾರೆ. ಮೇಲೆ ದಪ್ಪನೆಯ ಮಣ್ಣಿನ ಪದರವನ್ನೂ ಹಾಕುತ್ತಾರೆ. ಹೀಗೆ ಕಷ್ಟಪಟ್ಟಾದರೂ ರಬ್ಬರನ್ನೇ ಬಳಸುವುದು ಅದು ಹಗುರ ಅಂತ.

ಮರಳಿನ ಕಣ ನೀರಿಗಿಂತ ಸುಮಾರು 2.65 ಪಟ್ಟು ಭಾರ. ಟೈರ್ ಚೂರು ಸುಮಾರು 1.15 ಪಟ್ಟು, ಅಷ್ಟೇ. ಕೆಸರಿನಂಥ ಜೇಡಿ ನೆಲದ ಮೇಲೆ ಎತ್ತರದ ಏರಿ ಕಟ್ಟಿದರೆ, ಅದರ ಭಾರಕ್ಕೆ ಅಡಿಯ ನೆಲವೇ ಜಾರಿಬಿಡುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ 1997ರಲ್ಲಿ ವಿಮಾನ ನಿಲ್ದಾಣದ ಬಳಿ ಇದೇ ತೊಂದರೆ ಎದುರಾಯಿತು. ಅಲ್ಲಿನ ಏರಿಗೆ ಸುಮಾರು 12 ಲಕ್ಷ ಟೈರ್‌ಗಳ ಚೂರು ತುಂಬಿದರು.

ಅಲ್ಲಿ ತುಂಬಿದ್ದು ಬರೀ ಚೂರು. ಮರಳು ಬೆರೆಸಿದರೆ ಕಥೆ ಬೇರೆ. ಮರಳು ಸಂದುಗಳನ್ನು ತುಂಬುತ್ತದೆ, ಹಾಗಾಗಿ ತಗ್ಗುವುದು ಕಡಿಮೆ. ಉದ್ದುದ್ದ ಚೂರುಗಳು ಗೋಡೆಯ ಗಾರೆಗೆ ಸೇರಿಸಿದ ನಾರಿನ ಹಾಗೆ ಮರಳನ್ನು ಹಿಡಿದುಕೊಳ್ಳುತ್ತವೆ. ಅದಕ್ಕೇ ಒಂದು ಮಿತಿಯವರೆಗೆ ಮಿಶ್ರಣ ಬರೀ ಮರಳಿಗಿಂತ ಗಟ್ಟಿಯಾಗಿಯೂ ಇರಬಲ್ಲದು. ಮಿತಿ ದಾಟಿದರೆ ಮರಳಿನ ಕಣಗಳು ಒಂದಕ್ಕೊಂದು ತಾಗುವುದೇ ಇಲ್ಲ. ಆಗ ಹೊರೆಯೆಲ್ಲ ರಬ್ಬರಿನ ಮೇಲೆ ಬಿದ್ದು ಬಲ ಇಳಿಯುತ್ತದೆ.

ಇಲ್ಲಿ ಲೆಕ್ಕ ತಪ್ಪುವುದು ಬಹಳ ಸುಲಭ. ತೂಕದಲ್ಲಿ 30% ರಬ್ಬರ್ ಅಂದರೆ ಕಡಿಮೆ ಅನ್ನಿಸುತ್ತದೆ. ಆದರೆ ರಬ್ಬರ್ ಹಗುರ. ಸಂದುಗಳನ್ನು ಬಿಟ್ಟು ನೋಡಿದರೆ, ಮಿಶ್ರಣದ ಹೆಚ್ಚುಕಡಿಮೆ ಅರ್ಧ ಗಾತ್ರ ರಬ್ಬರೇ ಆಗಿರುತ್ತದೆ! ಯಾರಾದರೂ ಶೇಕಡಾವಾರು ಹೇಳಿದರೆ, ತೂಕದ್ದೋ ಗಾತ್ರದ್ದೋ ಅಂತ ಮೊದಲು ಕೇಳಿ. ಇನ್ನೊಂದು ತಲೆನೋವಿದೆ. ಲಾರಿಯಿಂದ ಸುರಿಯುವಾಗ ಹಗುರ ಚೂರು, ಭಾರದ ಮರಳು ಬೇರೆಬೇರೆಯಾಗಿಬಿಡುತ್ತವೆ. ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡ ಮಿಶ್ರಣ ಕೆಲಸದ ಜಾಗದಲ್ಲಿ ಹಾಗೇ ಇರುತ್ತದೆ ಅಂತಿಲ್ಲ.

ಕುಸಿತಕ್ಕಿಂತ ನನಗೆ ಹೆಚ್ಚು ಭಯ ಬೆಂಕಿಯದ್ದು. 1995ರಲ್ಲಿ ವಾಷಿಂಗ್ಟನ್ ರಾಜ್ಯದ ಇಲ್ವಾಕೋ ಊರಿನ ಹತ್ತಿರ ಸುಮಾರು 8 ಮೀಟರ್ ದಪ್ಪಕ್ಕೆ ಬರೀ ಚೂರು ತುಂಬಿ ರಸ್ತೆ ಮಾಡಿದರು. ಕೆಲವೇ ತಿಂಗಳಲ್ಲಿ ಅದು ಒಳಗಿಂದಲೇ ಹೊತ್ತಿಕೊಂಡಿತು. ಯಾರೂ ಬೆಂಕಿ ಹಚ್ಚಿರಲಿಲ್ಲ. ಅದೇ ರಾಜ್ಯದ ಗಾರ್ಫೀಲ್ಡ್ ಕೌಂಟಿಯಲ್ಲೂ, ಕೊಲರಾಡೋದ ಒಂದು ತಡೆಗೋಡೆಯಲ್ಲೂ ಹೀಗೇ ಆಯಿತು. ಟೈರಿನಿಂದ ಹೊರಚಾಚಿದ ಉಕ್ಕಿನ ತಂತಿಗೆ ಗಾಳಿ, ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ. ಪುಡಿ ರಬ್ಬರ್ ಜಾಸ್ತಿ ಇದ್ದರೆ, ಕೊಳೆಯುವ ಕಸಕಡ್ಡಿ ಸೇರಿದರೆ ಬಿಸಿ ಇನ್ನೂ ಏರುತ್ತದೆ. ಅಷ್ಟು ದಪ್ಪದ ರಾಶಿಯಿಂದ ಅದು ಹೊರಗೆ ಹೋಗುವುದಾದರೂ ಹೇಗೆ?

ಈ ಘಟನೆಗಳಾದ ಮೇಲೆ ಒಂದು ಪದರ 3 ಮೀಟರಿಗಿಂತ ದಪ್ಪ ಇರಬಾರದು ಎಂಬ ಮಾರ್ಗಸೂಚಿ ಬಂತು. ಪುಡಿ, ಬಿಡಿ ತಂತಿಗಳಿಗೂ ಮಿತಿ ಹಾಕಿದರು. ಪೋರ್ಟ್‌ಲ್ಯಾಂಡ್‌ನವರು ಎರಡು ಪದರ ಮಾಡಿ, ನಡುವೆ ಮಣ್ಣು ಹಾಕಿದ್ದು ಇದಕ್ಕೇ. ಮರಳು ಬೆರೆತ ಮಿಶ್ರಣದಲ್ಲಿ ಗಾಳಿ ಓಡಾಡಲು ಜಾಗ ಕಡಿಮೆ, ಅಪಾಯವೂ ಕಡಿಮೆ.

ನೀರಿನ ವಿಷಯ ಬೇರೆ. ಚೂರಿನಿಂದ ಕಬ್ಬಿಣ, ಮ್ಯಾಂಗನೀಸ್, ಸತು ನೀರಿಗೆ ಇಳಿಯುತ್ತವೆ. ಹಾಗಾಗಿ ಅಂತರ್ಜಲ ಮಟ್ಟಕ್ಕಿಂತ ಮೇಲೆಯೇ ತುಂಬುವುದು ಒಳ್ಳೆಯದು. ಟೈರಿನ ಒಂದು ರಾಸಾಯನಿಕದಿಂದ ಹುಟ್ಟುವ ವಿಷ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆ ಅಂತ 2020ರಲ್ಲಿ ಗೊತ್ತಾಗಿದೆ. ಅದು ರಸ್ತೆಯಲ್ಲಿ ಸವೆದ ಟೈರಿನ ಪುಡಿಯಿಂದ ಬಂದದ್ದು. ಆದರೂ ಕೆರೆ, ಹಳ್ಳದ ಪಕ್ಕ ಚೂರು ತುಂಬುವ ಮುಂಚೆ ಎರಡು ಸಲ ಯೋಚಿಸಬೇಕು.

ರಬ್ಬರ್ ನಡುಕವನ್ನೂ ಹೀರಿಕೊಳ್ಳುತ್ತದೆ. ಅಡಿಪಾಯದ ಸುತ್ತ ಈ ಮಿಶ್ರಣ ತುಂಬಿ ಭೂಕಂಪದ ಹೊಡೆತ ತಗ್ಗಿಸಬಹುದೇ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಂಶೋಧನೆ ನಡೆದಿದೆ.

ಇನ್ನು ನಿಮ್ಮ ಮನೆ ಕಾಂಪೌಂಡ್ ಹಿಂದೆ ಸುಮ್ನೆ ಇಡೀ ಟೈರ್ ಹೂಳುವ ಯೋಚನೆಯಿದ್ದರೆ, ಬೇಡ. ಒಳಗಿನ ಪೊಳ್ಳಿನಲ್ಲಿ ಮಣ್ಣು ಸರಿಯಾಗಿ ಕೂರುವುದಿಲ್ಲ. ಹೂಳುವವರೆಗೆ ಹೊರಗಿಟ್ಟ ಟೈರಿನಲ್ಲಿ ಮಳೆನೀರು ನಿಂತು ಸೊಳ್ಳೆ ಬೇರೆ ಹುಟ್ಟುತ್ತವೆ.